ಮೊದಲ ಲೆದರ್ ಬಾಲ್ ಬ್ಯಾಟ್: 'ರೆಡಿ ಟು ಪ್ಲೇ' ಬಿಡಿ, ಬರಿಮೈ ಕಾಶ್ಮೀರ್ ವಿಲ್ಲೋ ಕೊಡಿಸಿ

ಟೆನಿಸ್ ಬಾಲ್ ಕ್ರಿಕೆಟ್‌ನಲ್ಲಿ ಬೀದಿಯನ್ನೆಲ್ಲ ಆಳಿದ ಹನ್ನೆರಡು, ಹದಿಮೂರರ ಹುಡುಗನೋ ಹುಡುಗಿಯೋ ಕೋಚಿಂಗ್ ಕ್ಯಾಂಪಿಗೆ ಸೇರಿದ ವಾರದಲ್ಲೇ ಮನೆಯಲ್ಲಿ ಲೆದರ್ ಬಾಲ್ ಆಡುವ ಬ್ಯಾಟಿನ ಮಾತು ಶುರುವಾಗುತ್ತದೆ. ಅಂಗಡಿಗೆ ಹೋದರೆ ಮೂರು ಬಗೆ ಎದುರಿಗಿಡುತ್ತಾರೆ. ಸುಮಾರು ಸಾವಿರದಿಂದ ಮೂರು ಸಾವಿರ ರೂಪಾಯಿಯೊಳಗಿನ ಸಾದಾ ಕಾಶ್ಮೀರ್ ವಿಲ್ಲೋ ಒಂದು. ಅದೇ ಮರದ ಮುಖಕ್ಕೆ, ಅಂದರೆ ಚೆಂಡು ಹೊಡೆಯುವ ಬದಿಗೆ, ಪಾರದರ್ಶಕ ಶೀಟ್ ಅಂಟಿಸಿ 'ರೆಡಿ ಟು ಪ್ಲೇ' ಎಂದು ಬರೆದದ್ದು ಇನ್ನೊಂದು. ಐದಾರು ಸಾವಿರದಿಂದ ಮೇಲಕ್ಕೆ ಇಂಗ್ಲಿಷ್ ವಿಲ್ಲೋ ಮೂರನೆಯದು. ಅಂಗಡಿಯವರು ಎರಡನೆಯದನ್ನು ಮುಂದೆ ತಳ್ಳುತ್ತಾರೆ, ಅಪ್ಪ ಅಮ್ಮ ಮೂರನೆಯದಕ್ಕೆ ಆಸೆಪಡುತ್ತಾರೆ. ನಮ್ಮ ಮತ ಮೊದಲನೆಯದಕ್ಕೆ. ಎಣ್ಣೆ ಕಾಣದ, ಪೆಟ್ಟು ತಿನ್ನದ, ಶೀಟ್ ಇಲ್ಲದ ಬರಿಮೈ ಬ್ಯಾಟ್, ಜೊತೆಗೆ ಬಡಿಯಲು ಒಂದು ಮರದ ಮ್ಯಾಲೆಟ್, ಅಂದರೆ ಸುತ್ತಿಗೆ, ಮತ್ತು ಒಂದು ಸಣ್ಣ ಶೀಶೆ ಅಗಸೆ ಎಣ್ಣೆ. ಬ್ಯಾಟನ್ನು ಆಟಕ್ಕೆ ಹದ ಮಾಡುವ ಕೆಲಸ ಆಡುವ ಮಗುವಿನದೇ ಆಗಬೇಕು.

ಮೊದಲು ಅಳತೆ. 'ಬೆಳೆಯೋ ಹುಡುಗ, ಒಂದು ಸೈಜ್ ದೊಡ್ಡದೇ ಇರಲಿ' ಎಂದು ಶಾಲೆಯ ಶೂ ತಂದ ಹಾಗೆ ಬ್ಯಾಟ್ ತರುವುದು ಈ ವ್ಯಾಪಾರದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು. ಮಗು ಶೂ ಹಾಕಿಕೊಂಡು ನೆಟ್ಟಗೆ ನಿಲ್ಲಲಿ, ಬ್ಯಾಟಿನ ಟೋ, ಅಂದರೆ ಕೆಳತುದಿ, ಪಾದದ ಪಕ್ಕದಲ್ಲಿ ನೆಲಕ್ಕೆ ತಾಗಿರಲಿ. ಹಿಡಿಕೆಯ ತುದಿ ಸೊಂಟದ ಕೀಲಿನ ಹತ್ತಿರ, ಅಂದರೆ ಪ್ಯಾಂಟಿನ ಜೇಬಿನ ಮಟ್ಟಕ್ಕೆ ಬಂದರೆ ಅಳತೆ ಸರಿ. ಐದು ಅಡಿಯ ಆಸುಪಾಸಿನ ಮಗುವಿಗೆ ಸಾಮಾನ್ಯವಾಗಿ ಸೈಜ್ 5 ಹೊಂದುತ್ತದೆ. ಐದು ಅಡಿ ಎರಡು ಇಂಚು ದಾಟಿದರೆ 6, ಐದೂವರೆ ಅಡಿಯ ಹತ್ತಿರ ಬಂದರೆ ಹ್ಯಾರೋ ಎಂಬ ಸೈಜ್. ಶಾರ್ಟ್ ಹ್ಯಾಂಡಲ್ ಎನ್ನುವುದು ದೊಡ್ಡವರ ಬ್ಯಾಟ್, ಹೆಸರು ನೋಡಿ ಚಿಕ್ಕದು ಎಂದುಕೊಂಡು ತರುವವರಿದ್ದಾರೆ. ಕಂಪನಿಯಿಂದ ಕಂಪನಿಗೆ ಅರ್ಧ ಇಂಚಿನ ವ್ಯತ್ಯಾಸ ಇದ್ದೇ ಇರುತ್ತದೆ, ಆದ್ದರಿಂದ ಸ್ಟಿಕರ್ ಮೇಲಿನ ಅಂಕಿಗಿಂತ ಮಗುವಿನ ಪಕ್ಕದಲ್ಲಿ ನಿಲ್ಲಿಸಿ ನೋಡುವುದೇ ಗಟ್ಟಿ.

ತೂಕದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಕಾಶ್ಮೀರ್ ವಿಲ್ಲೋ ಇಂಗ್ಲಿಷ್ ವಿಲ್ಲೋಗಿಂತ ಗಟ್ಟಿ, ಸಾಂದ್ರ. ಅದೇ ಅಳತೆಯಲ್ಲಿ ಒಂದಿಷ್ಟು ಗ್ರಾಂ ಹೆಚ್ಚೇ ತೂಗುತ್ತದೆ. ಸೈಜ್ 5 ಬ್ಯಾಟ್ 1 ಕೆಜಿ ಆಸುಪಾಸಿನಲ್ಲಿರಲಿ, 1,100 ಗ್ರಾಂ ಮುಟ್ಟಿದರೆ ವಾಪಸ್ ಇಡಿ. ತಕ್ಕಡಿ ಇಲ್ಲದ ಅಂಗಡಿಯಲ್ಲಿ ಒಂದು ಪರೀಕ್ಷೆ ಸಾಕು. ಮೇಲಿನ ಕೈ ಒಂದರಲ್ಲೇ, ಬಲಗೈ ಆಟಗಾರನಾದರೆ ಎಡಗೈಯಲ್ಲಿ, ಬ್ಯಾಟನ್ನು ಪಕ್ಕಕ್ಕೆ ನೆಲಕ್ಕೆ ಸಮಾನಾಂತರವಾಗಿ ಎತ್ತಿ ಹಿಡಿದು ಮಗು ಹತ್ತು ಎಣಿಸಲಿ. ಮಣಿಕಟ್ಟು ನಡುಗಿದರೆ, ಟೋ ಕೆಳಗೆ ಬಾಗಿದರೆ ಅದು ಆ ಕೈಯ ಬ್ಯಾಟ್ ಅಲ್ಲ. ಸಚಿನ್ ತೆಂಡೂಲ್ಕರ್ ಭಾರದ ಬ್ಯಾಟ್ ಆಡುತ್ತಿದ್ದರು ಎಂಬ ಮಾತು ಕೌಂಟರಿನ ಆಚೆಯಿಂದ ತಪ್ಪದೆ ಬರುತ್ತದೆ. ಆಡುತ್ತಿದ್ದದ್ದು ನಿಜ. ಆದರೆ ಭಾರದ ಬ್ಯಾಟ್ ಹಿಡಿದ ಸಾಮಾನ್ಯ ಹುಡುಗನ ಕೆಳಗೈ ಆಟವನ್ನೆಲ್ಲ ವಶಕ್ಕೆ ತೆಗೆದುಕೊಳ್ಳುತ್ತದೆ, ಬ್ಯಾಟ್ ನೇರ ಇಳಿಯದೆ ಅಡ್ಡ ಬರುತ್ತದೆ, ಚೆಂಡು ಪ್ಯಾಡಿಗೆ ಬಡಿದ ಮೇಲೆ ಬ್ಯಾಟ್ ತಲುಪುತ್ತದೆ. ಕೋಚ್ ಆರು ತಿಂಗಳು 'ನೇರ ಆಡು' ಎಂದು ಕೂಗಿದರೂ ಸರಿಹೋಗುವುದಿಲ್ಲ, ಯಾಕೆಂದರೆ ದೋಷ ಹುಡುಗನಲ್ಲಿಲ್ಲ.

ಇನ್ನು ಮರ. ಕಾಶ್ಮೀರದ ಅನಂತನಾಗ್ ಜಿಲ್ಲೆಯ ಸಂಗಮ್, ಹಲ್ಮುಲ್ಲಾ ಸುತ್ತಮುತ್ತ ಜಮ್ಮು-ಶ್ರೀನಗರ ಹೆದ್ದಾರಿಯ ಎರಡೂ ಬದಿ ಸೀಳಿದ ವಿಲ್ಲೋ ತುಂಡುಗಳನ್ನು ಒಟ್ಟಿ ಒಣಗಿಸಿರುವುದನ್ನು ಆ ದಾರಿಯಲ್ಲಿ ಹೋದವರು ನೋಡಿರುತ್ತಾರೆ. ಅಲ್ಲೇ ಬ್ಯಾಟ್ ಆಗುವುದೂ ಉಂಟು, ಮೀರತ್, ಜಲಂಧರ್‌ಗಳಿಗೆ ಹೋಗಿ ದೊಡ್ಡ ಕಂಪನಿಗಳ ಸ್ಟಿಕರ್ ಹೊತ್ತು ಬರುವುದೂ ಉಂಟು. ಈ ಬೆಲೆಯಲ್ಲಿ ಸ್ಟಿಕರ್‌ಗೆ ದುಡ್ಡು ಕೊಡುವುದು ದಂಡ. ಒಂದೇ ಕಂಪನಿಯ, ಒಂದೇ ಮಾಡೆಲ್‌ನ, ಒಂದೇ ಬೆಲೆಯ ಹತ್ತು ಬ್ಯಾಟ್ ಸಾಲಾಗಿ ಇಟ್ಟರೆ ಹತ್ತೂ ಬೇರೆ ಬೇರೆ ಮರ. ಹಾಗಾಗಿ ಹತ್ತನ್ನೂ ಕೆಳಗಿಳಿಸಿ ನೋಡಿ, ಸಂಕೋಚ ಬೇಡ.

ಮುಖದ ಮೇಲೆ ಉದ್ದಕ್ಕೆ ಓಡುವ ಗೆರೆಗಳೇ ಗ್ರೇನ್ಸ್. ಅವು ಟೋದಿಂದ ಮೇಲಿನವರೆಗೆ ನೆಟ್ಟಗೆ ಓಡಬೇಕು. ಓರೆಯಾಗಿ ಅಂಚಿನಿಂದ ಆಚೆ ಹೋಗಿಬಿಡುವ ಗೆರೆ ಇದ್ದರೆ ಆ ಅಂಚು ಅದೇ ಗೆರೆಯ ಗುಂಟ ಸೀಳುತ್ತದೆ. ಎಷ್ಟು ಗೆರೆ ಎಂಬ ಲೆಕ್ಕ ಇಂಗ್ಲಿಷ್ ವಿಲ್ಲೋ ಕೊಳ್ಳುವವರಿಗೆ ಇರಲಿ, ಇಲ್ಲಿ ನೇರ ಇದ್ದರೆ ಸಾಕು. ಕಂದು ಛಾಯೆ ಕಾಶ್ಮೀರ್ ವಿಲ್ಲೋದ ಸಹಜ ಬಣ್ಣ, ದೋಷವಲ್ಲ. ಹಾಲಿನಂತೆ ಬಿಳಿ ಇದ್ದರೆ ಬ್ಲೀಚ್ ಮಾಡಿರುವ ಸಾಧ್ಯತೆ ಹೆಚ್ಚು, ಅದರಿಂದ ಆಟಕ್ಕೆ ಲಾಭವೇನೂ ಇಲ್ಲ. ಟೋದಿಂದ ಒಂದು ಗೇಣಿನೊಳಗೆ ಅಥವಾ ಅಂಚಿನಲ್ಲಿ ಗಂಟು ಇದ್ದರೆ ಬೇಡ. ಹಿಂಬದಿಯ ಮೇಲ್ಭಾಗದಲ್ಲಿ ಸಣ್ಣ ಗಂಟು ಇದ್ದರೆ ಚಿಂತೆಯಿಲ್ಲ, ಅದನ್ನೇ ತೋರಿಸಿ ಬೆಲೆ ಇಳಿಸಿ. ಆಮೇಲೆ ಹಿಡಿಕೆ ಮರದೊಳಗೆ ವಿ ಆಕಾರದಲ್ಲಿ ಕೂತಿರುವ ಜಾಗ, ಸ್ಪ್ಲೈಸ್. ಅಲ್ಲಿ ಉಗುರು ಹೊಕ್ಕುವಷ್ಟು ಸಂದು ಕಂಡರೂ ಬಿಟ್ಟುಬಿಡಿ. ಹಿಡಿಕೆ ಬೆತ್ತದ್ದಾಗಿರಬೇಕು, ಬೆತ್ತದ ಪಟ್ಟಿಗಳ ನಡುವೆ ರಬ್ಬರ್ ಇರಬೇಕು. ಅತಿ ಅಗ್ಗದ ಬ್ಯಾಟುಗಳಲ್ಲಿ ಒಂದೇ ಮರದ ತುಂಡಿನ ಹಿಡಿಕೆ ಬರುತ್ತದೆ, ಲೆದರ್ ಬಾಲ್ ಬಿದ್ದರೆ ಅಂಗೈ ಜುಮ್ಮೆನ್ನುತ್ತದೆ. ಗ್ರಿಪ್ಪಿನ ತುದಿ ಸ್ವಲ್ಪ ಮಡಚಿದರೆ ಒಳಗಿನದು ಕಾಣುತ್ತದೆ, ಕೇಳಿ ನೋಡಿ.

ಕೊನೆಗೆ ಸದ್ದು. ಅಂಗಡಿಯ ಮ್ಯಾಲೆಟ್‌ನಿಂದ, ಅದಿಲ್ಲದಿದ್ದರೆ ಹಳೇ ಚೆಂಡಿನಿಂದ, ಟೋದಿಂದ ಆರು ಇಂಚು ಮೇಲೆ ಮೆಲ್ಲಗೆ ಬಡಿದು, ಎರಡೆರಡು ಇಂಚು ಮೇಲಕ್ಕೆ ಹೋಗಿ. ಒಂದು ಜಾಗದಲ್ಲಿ ಚೆಂಡು ತಾನಾಗಿಯೇ ಪುಟಿಯುತ್ತದೆ, ಕೈಗೆ ಕಂಪನವೇ ತಿಳಿಯುವುದಿಲ್ಲ. ಅದೇ ಸ್ವೀಟ್ ಸ್ಪಾಟ್. ಮ್ಯಾಟಿಂಗ್ ಹಾಕಿದ ಸಿಮೆಂಟ್ ಪಿಚ್‌ನಲ್ಲಿ ಆಡುವ ಮಕ್ಕಳಿಗೆ ಅದು ಕೊಂಚ ಮೇಲಿರಲಿ, ಅಲ್ಲಿ ಚೆಂಡು ಎತ್ತರಕ್ಕೆ ಏಳುತ್ತದೆ. ತಗ್ಗಿನ ಮಣ್ಣಿನ ಪಿಚ್ ಆದರೆ ಕೆಳಗಿರಲಿ. ಬಡಿದಾಗ ಎಲ್ಲೂ ಪುಟಿಯದೆ ಒಂದೇ ಸಮ ಮಂದ ಸದ್ದು ಬರುವ ಬ್ಯಾಟ್ ಎಷ್ಟು ಚೆಂದ ಕಂಡರೂ ಮುಟ್ಟಬೇಡಿ.

'ರೆಡಿ ಟು ಪ್ಲೇ' ಯಾಕೆ ಬೇಡ ಎಂದರೆ, ಆ ಮಾತನ್ನು ಪರೀಕ್ಷಿಸುವ ದಾರಿ ಕೊಳ್ಳುವವರಿಗಿಲ್ಲ. ಶೀಟ್ ಹಾಕಿದ ಮೇಲೆ ಕೆಳಗಿನ ಮರ ಎಷ್ಟು ಪೆಟ್ಟು ತಿಂದಿದೆ ಎಂದು ಕಾಣುವುದಿಲ್ಲ. ನಿಯಮದ ಪ್ರಕಾರ ಮುಖದ ಹೊದಿಕೆ 1 ಮಿ.ಮೀ. ಮೀರುವಂತಿಲ್ಲ. ಅಷ್ಟು ತೆಳುವಾದ ಶೀಟ್ ಸವೆತ ತಡೆಯುತ್ತದೆ, ಮೇಲ್ಮೈ ಬಿರುಕನ್ನು ಕಚ್ಚಿ ಹಿಡಿಯುತ್ತದೆ, ಅಷ್ಟೇ. ಹೊಡೆತ ಮಾತ್ರ ನೇರ ಒಳಗಿನ ನಾರಿಗೇ ತಾಗುತ್ತದೆ, ಹದವಾಗದ ನಾರು ಶೀಟಿನ ಅಡಿಯಲ್ಲೇ ಒಡೆಯುತ್ತದೆ. ಮೊದಲ ಪಂದ್ಯದಲ್ಲಿ ಹೊಸ ಚೆಂಡು ಅಂಚಿಗೆ ತಾಗಿ ಅರ್ಧ ಚಂದ್ರಾಕಾರದ ಸೀಳು ಬಿಟ್ಟ ಬ್ಯಾಟುಗಳನ್ನು ಯಾವ ಕ್ಯಾಂಪಿನಲ್ಲಿ ನೋಡಿದರೂ ಒಂದೆರಡು ಸಿಗುತ್ತವೆ. ವಾರಂಟಿ ಕೇಳಲು ಹೋದರೆ 'ನಾಕಿಂಗ್ ಮಾಡಿದ್ರಾ?', ಅಂದರೆ ಮ್ಯಾಲೆಟ್‌ನಿಂದ ಬಡಿದು ಹದ ಮಾಡಿದ್ರಾ, ಎಂಬ ಪ್ರಶ್ನೆಯೇ ಮೊದಲ ಉತ್ತರ. ರೆಡಿ ಎಂದು ಬರೆದ ಮೇಲೆ ನಾಕಿಂಗ್ ಯಾಕೆ ಎಂದು ವಾದಿಸಬಹುದು, ಗೆದ್ದವರು ಕಡಿಮೆ.

ಇಷ್ಟು ಸರಕಿನ ಮಾತು. ಇನ್ನು ಕೆಲಸ.

ಅಗಸೆ ಎಣ್ಣೆ ಮೊದಲು. ಉತ್ತರ ಕರ್ನಾಟಕದಲ್ಲಿ ಗಾಣದ ಅಗಸೆ ಎಣ್ಣೆ ಸುಲಭವಾಗಿ ಸಿಗುತ್ತದೆ, ಕಾಯಿಸದ ಆ ಹಸಿ ಎಣ್ಣೆಯೇ ಬ್ಯಾಟಿಗೆ ಬೇಕಾದದ್ದು. ಪೇಂಟ್ ಅಂಗಡಿಯ ಬಾಯಿಲ್ಡ್ ಲಿನ್‌ಸೀಡ್ ಆಯಿಲ್ ತರಬೇಡಿ. ಬೇಗ ಒಣಗಲೆಂದು ಅದಕ್ಕೆ ಡ್ರೈಯರ್ ಸೇರಿಸಿರುತ್ತಾರೆ, ಮರದೊಳಗೆ ಇಳಿಯುವ ಬದಲು ಮೇಲೆ ಪೊರೆ ಕಟ್ಟುತ್ತದೆ. ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ ಎರಡೂ ಬೇಡ. ಒಂದು ಸಲಕ್ಕೆ ಒಂದು ಟೀ ಚಮಚ, ಸುಮಾರು 5 ಮಿ.ಲೀ., ಸಾಕು. ಹಳೇ ಹತ್ತಿ ಬಟ್ಟೆಯಲ್ಲಿ ಅದ್ದಿ ಮುಖ, ಎರಡೂ ಅಂಚು, ಟೋ, ಹಿಂಬದಿಯಲ್ಲಿ ಸ್ಟಿಕರ್ ಇಲ್ಲದ ಜಾಗಕ್ಕೆ ತೆಳುವಾಗಿ ಸವರಿ. ಸ್ಪ್ಲೈಸ್‌ಗೆ ಎಣ್ಣೆ ತಾಗಿಸಬೇಡಿ, ಒಳಗಿನ ಗೋಂದು ಸಡಿಲವಾಗಿ ಹಿಡಿಕೆ ಅಲ್ಲಾಡಲು ಶುರುವಾಗುತ್ತದೆ. ಸವರಿದ ಮೇಲೆ ಬ್ಯಾಟನ್ನು ಮಲಗಿಸಿ ಇಡಬೇಕು, ಮುಖ ಮೇಲಕ್ಕಿರಲಿ. ಗೋಡೆಗೆ ಒರಗಿಸಿದರೆ ಎಣ್ಣೆಯೆಲ್ಲ ಇಳಿದು ಟೋ ಕುಡಿಯುತ್ತದೆ. ಪೂರ್ತಿ ಒಂದು ದಿನ ಬಿಟ್ಟು ಎರಡನೇ ಕೈ, ಅದಕ್ಕೂ ಒಂದು ದಿನ ಬಿಟ್ಟು ಬೇಕಿದ್ದರೆ ಮೂರನೇ ಕೈ, ಪ್ರತಿ ಸಲ ಮೊದಲಿಗಿಂತ ಕಡಿಮೆ. ಬಕೆಟ್ಟಿನಲ್ಲಿ ಎಣ್ಣೆ ಹಾಕಿ ಬ್ಯಾಟ್ ನಿಲ್ಲಿಸುವ ಹಳೇ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಅದರಿಂದ ಸಿಗುವುದು ಭಾರವಾದ, ಪುಟಿಯದ ಸತ್ತ ಮರ. ಎಣ್ಣೆ ಹೆಚ್ಚಾದ ಬ್ಯಾಟಿಗೆ ಮದ್ದಿಲ್ಲ, ಕಡಿಮೆಯಾದದ್ದಕ್ಕೆ ಇನ್ನೊಂದು ಕೈ ಸವರಿದರಾಯಿತು. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿಯೋ ಹೊರಗೆ ಹರಡಿ ಒಣಗಿಸಿಯೋ ಬಿಸಾಡಿ.

ಈಗ ನಾಕಿಂಗ್, ಅಂದರೆ ಬಡಿಯುವುದು. ವಿಲ್ಲೋ ಮೆತ್ತನೆಯ ಮರ. ಕಾರ್ಖಾನೆಯಲ್ಲಿ ರೋಲರ್ ಕೆಳಗೆ ಒತ್ತಿ ಮುಖವನ್ನು ಗಟ್ಟಿ ಮಾಡಿರುತ್ತಾರೆ, ಆದರೆ ಅದು ಸಪಾಟಾದ ಒತ್ತಡ. ಚೆಂಡು ತಾಗುವುದು ಒಂದು ಸಣ್ಣ ಬಿಂದುವಿನಲ್ಲಿ. ಆ ಬಿಂದುವಿನ ನಾರುಗಳು ಒಂದಕ್ಕೊಂದು ಹೆಣೆದುಕೊಂಡು ಹತ್ತಿಕೊಳ್ಳುವವರೆಗೆ ಮೆಲ್ಲಮೆಲ್ಲಗೆ ಬಡಿಯಬೇಕು. ಇಂಗ್ಲಿಷ್ ವಿಲ್ಲೋಗೆ ಸಾಮಾನ್ಯವಾಗಿ ಆರು ಗಂಟೆ ಹೇಳುತ್ತಾರೆ. ಕಾಶ್ಮೀರ್ ವಿಲ್ಲೋ ಗಟ್ಟಿ, ಅದಕ್ಕೆ ಬೇಡ ಎಂಬ ಮಾತು ಚಾಲ್ತಿಯಲ್ಲಿದೆ. ತಪ್ಪು. ಗಟ್ಟಿಯಾದದ್ದು ತಗ್ಗು ಬೀಳುವುದು ಕಡಿಮೆ, ಆದರೆ ಬಿರುಕು ಬಿಡುವುದು ಹೆಚ್ಚು. ಇದಕ್ಕೂ ಐದಾರು ಗಂಟೆ ಮೀಸಲಿಡಿ. ದಿನಕ್ಕೆ ಹದಿನೈದು ನಿಮಿಷದಂತೆ ಮೂರರಿಂದ ನಾಲ್ಕು ವಾರ. ಒಂದೇ ಭಾನುವಾರ ಕೂತು ಮುಗಿಸಿಬಿಡುತ್ತೇನೆ ಎನ್ನುವ ಮಗು ಎರಡನೇ ಗಂಟೆಗೆ ಸುಸ್ತಾಗಿ ಜೋರಾಗಿ ಬಡಿಯಲು ಶುರು ಮಾಡುತ್ತದೆ, ಬ್ಯಾಟ್ ಹಾಳಾಗುವುದು ಆಗಲೇ.

ಮ್ಯಾಲೆಟ್ ಮರದ್ದಿರಲಿ, ತಲೆ ಚೆಂಡಿನಂತೆ ದುಂಡಗಿರಲಿ. ಸಪಾಟು ತಲೆಯ ಬಡಗಿ ಕೊಡತಿ ಆಗದು, ಅದರ ಅಂಚು ಮುಖದ ಮೇಲೆ ಗೀರು ಬೀಳಿಸುತ್ತದೆ. ರಬ್ಬರ್ ತಲೆಯದ್ದು ಕಪ್ಪು ಗುರುತು ಬಿಡುತ್ತದೆ, ಕೆಲಸವೂ ನಿಧಾನ. ಮ್ಯಾಲೆಟ್ ಕೊಳ್ಳಲು ಮನಸ್ಸಿಲ್ಲದಿದ್ದರೆ ಒಳ್ಳೆಯ ಹಳೇ ಲೆದರ್ ಬಾಲನ್ನು ಕಾಲುಚೀಲದೊಳಗೆ ಹಾಕಿ ಬೀಸಬಹುದು, ಆದರೆ ಅಂಚಿನ ಕೆಲಸಕ್ಕೆ ಹಿಡಿತ ಸಿಗುವುದಿಲ್ಲ. ಮೊದಲ ವಾರ ಮ್ಯಾಲೆಟ್ ತನ್ನ ಭಾರಕ್ಕೇ ಬಿದ್ದಂತೆ ಬೀಳಲಿ, ತೋಳಿನ ಬಲ ಬೇಡ. ಟೋದಿಂದ ಮೇಲಕ್ಕೆ ಸುಮಾರು ಒಂದು ಅಡಿಯಷ್ಟು ಜಾಗ, ಅಂಚಿನಿಂದ ಅಂಚಿಗೆ, ಒಂದೊಂದು ಕಡೆಯೂ ಬಿಡದಂತೆ. ಶುರುವಿನಲ್ಲಿ ಪ್ರತಿ ಪೆಟ್ಟಿಗೂ ಒಂದು ರೂಪಾಯಿ ನಾಣ್ಯದಷ್ಟು ಮಸುಕು ಉಂಗುರ ಮೂಡುತ್ತದೆ. ದೀಪದ ಕೆಳಗೆ ಓರೆಯಾಗಿ ಹಿಡಿದರೆ ಮುಖವೆಲ್ಲ ಉಂಗುರಗಳೇ. ಎರಡನೇ ವಾರಕ್ಕೆ ಬಲ ಹೆಚ್ಚಿಸಿದರೂ ಉಂಗುರ ತೆಳುವಾಗುತ್ತಾ ಹೋಗುತ್ತದೆ, 'ಧಬ್' ಎನ್ನುತ್ತಿದ್ದದ್ದು 'ಟಕ್' ಎನ್ನತೊಡಗುತ್ತದೆ. ಮೂರನೇ ವಾರದಲ್ಲಿ ಗಟ್ಟಿಯಾಗಿ ಬಡಿದರೂ ಹೊಸ ಗುರುತು ಬೀಳದಿದ್ದರೆ ಮುಖ ಹದಕ್ಕೆ ಬಂದಿದೆ.

ಬಹಳ ಜನ ಕೈಬಿಡುವುದು ಅಂಚುಗಳನ್ನು, ಬ್ಯಾಟ್ ಒಡೆಯುವುದೂ ಅಲ್ಲೇ. ಅಂಚಿಗೆ ನೇರವಾಗಿ, 90 ಡಿಗ್ರಿಯಲ್ಲಿ ಬಡಿಯಬಾರದು, ಪಂದ್ಯದಲ್ಲಿ ಚೆಂಡು ಹಾಗೆ ಬರುವುದೂ ಇಲ್ಲ. ಮುಖ ಮತ್ತು ಅಂಚು ಸೇರುವ ಗೆರೆಗೆ 45 ಡಿಗ್ರಿಯಲ್ಲಿ, ಸವರಿಕೊಂಡು ಹೋದಂತೆ ಬಡಿಯಿರಿ. ಚೂಪಾದ ಗೆರೆ ದುಂಡಗಾಗುವುದು ಬೆರಳಿಗೆ ತಿಳಿಯುತ್ತದೆ. ಒಟ್ಟು ಸಮಯದ ಮೂರನೇ ಒಂದು ಪಾಲಾದರೂ ಇದಕ್ಕೆ ಹೋಗಲಿ. ಟೋ ತುದಿಗೆ ಕೆಳಗಿನಿಂದ ಪೆಟ್ಟು ಕೊಡಬೇಡಿ, ಟೋ ಹತ್ತಿರದ ಮುಖಕ್ಕೆ ಮೆಲ್ಲಗೆ, ಹೆಚ್ಚು ಸಲ. ಸ್ಪ್ಲೈಸ್, ಹಿಂಬದಿ ಎರಡಕ್ಕೂ ಮ್ಯಾಲೆಟ್ ತಾಗಬಾರದು.

ಮ್ಯಾಲೆಟ್ ಕೆಲಸ ಮುಗಿಯಿತೆಂದು ನೇರ ಪಂದ್ಯಕ್ಕೆ ಒಯ್ಯಬೇಡಿ. ಹಳೇ ಲೆದರ್ ಬಾಲ್‌ನಲ್ಲಿ ಹತ್ತಿರದಿಂದ ಎಸೆದು ಕ್ಯಾಚ್ ಕೊಡಿಸುವ ಅಭ್ಯಾಸ ಒಂದೆರಡು ದಿನ. ಆಮೇಲೆ ಮುಖ ನೋಡಿ. ಚೆಂಡಿನ ಹೊಲಿಗೆಯ ಗುರುತು ಆಳವಾಗಿ ಮೂಡಿದ್ದರೆ ಆ ಜಾಗಕ್ಕೆ ಮತ್ತೆ ಮ್ಯಾಲೆಟ್. ಬಣ್ಣ ಮಾತ್ರ ಹತ್ತಿದ್ದರೆ ಸರಿ, ನೆಟ್ಸ್‌ಗೆ ಹೋಗಬಹುದು. ಅಲ್ಲಿಯೂ ಮೊದಲ ಎರಡು ಮೂರು ದಿನ ಹಳೇ ಚೆಂಡು, ಡಿಫೆನ್ಸ್ ಮತ್ತು ನೆಲದ ಮೇಲಿನ ಡ್ರೈವ್. ಶೀಟ್ ಬೇಕೆಂದರೆ ಈಗ ಅಂಟಿಸಿ. ಎಣ್ಣೆಯ ಜಿಡ್ಡಿದ್ದರೆ ಶೀಟ್ ಗುಳ್ಳೆ ಏಳುತ್ತದೆ, ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಯೇ ಹಚ್ಚಬೇಕು. ಅಂಚುಗಳಿಗೆ ಫೈಬರ್ ಟೇಪ್ ಒಂದು ಸುತ್ತು ಒಳ್ಳೆಯದು. ಮೂರು ನಾಲ್ಕು ಸುತ್ತು ಹಾಕಿ ಬ್ಯಾಟನ್ನು ಬ್ಯಾಂಡೇಜ್ ಮಾಡುವುದರಿಂದ ತೂಕ ಏರುತ್ತದೆ, ಬೇರೇನೂ ಆಗುವುದಿಲ್ಲ.

ಫ್ಲಾಟ್‌ಗಳಲ್ಲಿ ಇರುವವರಿಗೆ ಒಂದು ಮಾತು: ಈ ಸದ್ದು ಗೋಡೆ ದಾಟಿ ಎರಡು ಮನೆ ಆಚೆ ಕೇಳುತ್ತದೆ. ಸಂಜೆ ಪಾರ್ಕಿನಲ್ಲಿ ಅಥವಾ ತಾರಸಿಯಲ್ಲಿ ಮಾಡಿಸಿ. ಬ್ಯಾಟನ್ನು ನೆಲದ ಮೇಲಿಟ್ಟು ಬಡಿಯುವ ಬದಲು ಮಡಿಲಲ್ಲೋ ತೊಡೆಯ ಮೇಲೆ ಮಡಚಿದ ಟವೆಲ್ ಹಾಕಿಯೋ ಇಟ್ಟುಕೊಂಡರೆ ಹಿಂಬದಿಗೆ ಪೆಟ್ಟಾಗುವುದಿಲ್ಲ.

ಇಷ್ಟನ್ನೂ ಅಪ್ಪ ಮಾಡಿಕೊಟ್ಟರೆ ಈ ಬ್ಯಾಟ್ ಕೊಂಡ ಅರ್ಧ ಲಾಭ ಹೋದಂತೆ. ಎಣ್ಣೆಯ ಅಳತೆ, ಮೊದಲ ದಿನದ ಪೆಟ್ಟಿನ ಬಲ ತೋರಿಸಿ, ಅಲ್ಲಿಗೆ ಕೈ ತೆಗೆಯಿರಿ. ಹದಿನೈದು ನಿಮಿಷ ದಿನಾ ಒಂದೇ ಕೆಲಸ, ರನ್ ಇಲ್ಲ, ಚಪ್ಪಾಳೆ ಇಲ್ಲ, ನೋಡುವವರಿಲ್ಲ. ನೆಟ್ಸ್‌ನಲ್ಲಿ ಮುಂದೆ ಮಾಡಬೇಕಾದದ್ದೂ ಇದನ್ನೇ: ಒಂದೇ ಫಾರ್ವರ್ಡ್ ಡಿಫೆನ್ಸ್ ನೂರು ಸಲ. ನಾಲ್ಕು ವಾರ ಬ್ಯಾಟ್ ಹದ ಮಾಡಿದ ಮಗುವಿಗೆ ತನ್ನ ಬ್ಯಾಟಿನ ಸ್ವೀಟ್ ಸ್ಪಾಟ್ ಎಲ್ಲಿದೆ ಎಂದು ಕಣ್ಣು ಮುಚ್ಚಿ ಗೊತ್ತಿರುತ್ತದೆ. ಔಟಾದ ಸಿಟ್ಟಿಗೆ ಬ್ಯಾಟ್ ಎಸೆಯುವ ಚಾಳಿ ಇಂಥವರಲ್ಲಿ ಅಪರೂಪ, ಯಾಕೆಂದರೆ ಅದಕ್ಕೆ ಸುರಿದ ದುಡಿಮೆ ಅವರದೇ. ಮೂರನೇ ದಿನಕ್ಕೇ ಮ್ಯಾಲೆಟ್ ಮೂಲೆ ಸೇರಿದರೆ ಅದೂ ಒಂದು ಮಾಹಿತಿಯೇ. ಇಪ್ಪತ್ತು ಸಾವಿರದ ಬ್ಯಾಟಿನ ಬೇಡಿಕೆ ಬಂದಾಗ ಏನು ಹೇಳಬೇಕೆಂದು ಮನೆಯವರಿಗೆ ಗೊತ್ತಾಗುತ್ತದೆ. ಬೈದು ಮಾಡಿಸಲು ಹೋಗಬೇಡಿ. ಬ್ಯಾಟ್ ಹಾಗೇ ಇರಲಿ, ಟೆನಿಸ್ ಬಾಲ್ ಆಡಿಕೊಂಡಿರಲಿ, ಲೆದರ್ ಬಾಲ್‌ಗೆ ಮಾತ್ರ ಮುಗಿಯುವವರೆಗೆ ಬಿಡಬೇಡಿ.

ದುಡ್ಡು ಕೊಟ್ಟು ಯಂತ್ರದಲ್ಲಿ ನಾಕಿಂಗ್ ಮಾಡಿಸುವ ಸೇವೆ ಬೆಂಗಳೂರಿನಂಥ ಊರುಗಳಲ್ಲಿ ಸಿಗುತ್ತದೆ. ಮುಖದ ಮಟ್ಟಿಗೆ ಅದು ಮಾಡುವ ಕೆಲಸ ಕೆಟ್ಟದ್ದಲ್ಲ, ಒಂದೇ ಸಮ ಒತ್ತಡ ಬೀಳುತ್ತದೆ. ಕೊರತೆ ಅಂಚುಗಳದು. ಬಾಗಿದ ಗೆರೆಯ ಮೇಲೆ 45 ಡಿಗ್ರಿಯಲ್ಲಿ ಸವರುವ ಕೆಲಸ ಯಂತ್ರದ ತಲೆಗೆ ಸರಿಯಾಗಿ ಬರುವುದಿಲ್ಲ. ಮಾಡಿಸಿದರೂ ಮನೆಯಲ್ಲಿ ಒಂದೆರಡು ಗಂಟೆ ಕೈಕೆಲಸ ಉಳಿದೇ ಇರುತ್ತದೆ. ದುಬಾರಿ ಇಂಗ್ಲಿಷ್ ವಿಲ್ಲೋ ಕೊಂಡ ಉದ್ಯೋಗಸ್ಥರಿಗೆ ಇದು ಸಮಯ ಉಳಿಸುತ್ತದೆ, ಕಲಿಯುವ ಮಗುವಿಗೆ ಬೇಡ.

ಬ್ಯಾಟಿಗಿಂತ ಬ್ಯಾಟಿನ ಶತ್ರುವಿನ ಮೇಲೆ ಕಣ್ಣಿಡಬೇಕು, ಅಂದರೆ ಚೆಂಡು. ನಮ್ಮ ಕಡೆ ಹಳ್ಳಿ, ತಾಲ್ಲೂಕು ಟೂರ್ನಿಗಳಲ್ಲಿ ಕಾರ್ಕ್ ಬಾಲ್ ಇನ್ನೂ ಓಡುತ್ತದೆ. ಹೊಲಿಗೆಯಿಲ್ಲದ, ಕಲ್ಲಿನಂತಹ ಆ ಚೆಂಡು ಎಷ್ಟೇ ಹದ ಮಾಡಿದ ಬ್ಯಾಟನ್ನೂ ಒಂದೇ ಸೀಸನ್‌ನಲ್ಲಿ ಮುಗಿಸುತ್ತದೆ. ಅದಕ್ಕೆ ಬೇರೆ ಹಳೇ ಬ್ಯಾಟ್ ಇಟ್ಟುಕೊಳ್ಳಲಿ. ಲೆದರ್ ಬಾಲ್‌ಗಳಲ್ಲೂ ಎರಡು ತುಂಡಿನ ಅಗ್ಗದ್ದು ಗಟ್ಟಿ, ನಾಲ್ಕು ತುಂಡಿನದು ಮರಕ್ಕೆ ದಯೆ ತೋರಿಸುತ್ತದೆ. ಚೆಂಡಿನ ಎರಡೂ ಅರ್ಧಗಳಲ್ಲಿ ಮಧ್ಯೆ ಇನ್ನೊಂದು ಜೋಡಣೆಯ ಗೆರೆ ಕಂಡರೆ ನಾಲ್ಕು ತುಂಡು. ತೂಕವನ್ನೂ ನೋಡಿ. 13ರೊಳಗಿನ ಮಕ್ಕಳಿಗೆ ನಿಯಮದಲ್ಲಿರುವ ಚೆಂಡು 133ರಿಂದ 144 ಗ್ರಾಂ, ದೊಡ್ಡ ಗಂಡಸರದು 156ರಿಂದ 163 ಗ್ರಾಂ, ಮಹಿಳೆಯರದು 140ರಿಂದ 151 ಗ್ರಾಂ. ದೊಡ್ಡವರು ಆಡಿ ಬಿಟ್ಟ ಚೆಂಡುಗಳನ್ನೇ ಮಕ್ಕಳ ನೆಟ್ಸ್‌ಗೆ ಸುರಿಯುವ ಕ್ಯಾಂಪುಗಳಿವೆ. ಸೈಜ್ 5 ಬ್ಯಾಟಿನ ತೆಳು ಅಂಚಿಗೂ ಹನ್ನೆರಡರ ಬೆರಳಿಗೂ ಆ ಭಾರ ಒಳ್ಳೆಯದಲ್ಲ.

ನಾಕಿಂಗ್‌ಗೆ ಬಳಸಿದ ಕಾಲುಚೀಲ, ಹಳೇ ಚೆಂಡು ಬಿಸಾಡಬೇಡಿ. ತೊಲೆಗೋ ಮರದ ಕೊಂಬೆಗೋ ಹಗ್ಗ ಕಟ್ಟಿ ಮಂಡಿಯ ಮಟ್ಟಕ್ಕೆ ತೂಗುಬಿಟ್ಟರೆ ಒಂಟಿಯಾಗಿ ಮಾಡಬಹುದಾದ ಬ್ಯಾಟಿಂಗ್ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಸಲಕರಣೆ ಮಾರುಕಟ್ಟೆಯಲ್ಲಿಲ್ಲ, ಸಾವಿರಗಟ್ಟಲೆ ಬೆಲೆಯ ಸ್ಟ್ಯಾಂಡ್‌ಗಳು ಇದ್ದರೂ ಸಹ. ಮೇಲಿನ ಕೈಯೊಂದರಲ್ಲೇ ಮೊದಲು ಇಪ್ಪತ್ತು, ಆಮೇಲೆ ಎರಡೂ ಕೈಯಲ್ಲಿ. ಹೊಡೆದ ಚೆಂಡು ಬಾಣದಂತೆ ನೇರ ಹೋಗಿ ನೇರ ಬಂದರೆ ಬ್ಯಾಟ್ ನೇರ ಇಳಿದಿದೆ, ಸುತ್ತು ಹಾಕಿ ಬಂದರೆ ಮುಖ ತಿರುಗಿದೆ. ಕೋಚ್ ಬೇಕಿಲ್ಲ, ಚೆಂಡೇ ಹೇಳುತ್ತದೆ. ಚೆಂಡನ್ನು ಎದೆಮಟ್ಟಕ್ಕೆ ಏರಿಸಿದರೆ ಕಟ್ ಅಭ್ಯಾಸ. ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಎತ್ತರದ ಆಳಲ್ಲ, ಆದರೂ ಅವರ ಸ್ಕ್ವೇರ್ ಕಟ್ ಇವತ್ತಿಗೂ ಜನರ ಬಾಯಲ್ಲಿದೆ. ಆ ಹೊಡೆತ ಮಣಿಕಟ್ಟಿನದು, ಮರದ ತೂಕದ್ದಲ್ಲ.

ಇನ್ನು ಹಾಳಾಗುವ ಬಗೆ. ಮುಖದ ಮೇಲೆ ಕೂದಲೆಳೆಯಂತಹ ಬಿರುಕು ಮೂಡಿದರೆ ಗಾಬರಿ ಬೇಡ, ಆಡಿದ ಬ್ಯಾಟಿಗೆ ಅದು ಸಹಜ. ಉಗುರಿಗೆ ತಾಗುವಷ್ಟು ಎದ್ದಿದ್ದರೆ ನಯವಾದ ಸ್ಯಾಂಡ್‌ಪೇಪರ್‌ನಲ್ಲಿ ತೀಡಿ, ಒಂದು ಹನಿ ಎಣ್ಣೆ, ಮೇಲೆ ಟೇಪ್. ಅಂಚಿನ ಸೀಳಿಗೆ ಮರದ ಗೋಂದು ಇಳಿಸಿ, ಒತ್ತಿ ಕಟ್ಟಿ ಒಂದು ರಾತ್ರಿ ಬಿಟ್ಟು ಫೈಬರ್ ಟೇಪ್ ಸುತ್ತಿ. ಟೋ ಸಮಸ್ಯೆ ಮಾತ್ರ ನಿರ್ಲಕ್ಷಿಸಬಾರದು. ಸ್ಟಾನ್ಸ್‌ನಲ್ಲಿ ನಿಂತು ಒದ್ದೆ ನೆಲವನ್ನು ಟಪ್ ಟಪ್ ಎಂದು ಬಡಿಯುತ್ತಿದ್ದರೆ ಟೋ ನೀರು ಕುಡಿದು ಊದುತ್ತದೆ, ಮುಂದಿನ ಯಾರ್ಕರ್‌ಗೆ ಸೀಳುತ್ತದೆ. ಮಲೆನಾಡು, ಕರಾವಳಿಯ ಮಕ್ಕಳು ಮಳೆಗಾಲಕ್ಕೆ ಮೊದಲೇ ರಬ್ಬರ್ ಟೋ ಗಾರ್ಡ್ ಅಂಟಿಸಿಕೊಳ್ಳಬೇಕು, ಒದ್ದೆ ಬ್ಯಾಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡಬಾರದು. ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಕಷ್ಟ ಉಲ್ಟಾ. ತಗಡಿನ ಮಾಡಿನ ಕೆಳಗೆ ಅಥವಾ ಕಾರಿನ ಡಿಕ್ಕಿಯಲ್ಲಿ ಬಿಟ್ಟ ಬ್ಯಾಟ್ ಒಣಗಿ ಪೆಡಸಾಗುತ್ತದೆ, ಮೊದಲ ಗಟ್ಟಿ ಹೊಡೆತಕ್ಕೆ ಮುಖ ಸಿಪ್ಪೆ ಏಳುತ್ತದೆ. ಅಲ್ಲಿ ಸೀಸನ್ ನಡುವೆ ಇನ್ನೊಂದು ತೆಳು ಕೈ ಎಣ್ಣೆ ಬೇಕಾಗಬಹುದು.

ಗ್ರಿಪ್ ಬಗ್ಗೆ ಎರಡೇ ಮಾತು. ಮಕ್ಕಳಿಗೆ ಒಂದೇ ಗ್ರಿಪ್ ಸಾಕು. ಐಪಿಎಲ್ ನೋಡಿ ಎರಡು ಮೂರು ಏರಿಸಿಕೊಂಡರೆ ಹಿಡಿಕೆ ದಪ್ಪವಾಗಿ ಕೆಳಗೈ ಬಿಗಿಯಾಗುತ್ತದೆ, ಮತ್ತೆ ಅಡ್ಡ ಬ್ಯಾಟ್.

ಆನ್‌ಲೈನ್‌ನಲ್ಲಿ ತರಿಸುವುದಾದರೆ ಫೋಟೋದಲ್ಲಿರುವುದೇ ನಿಮ್ಮ ಕೈಗೆ ಬರುವ ಮರವೇ ಎಂದು ಕೇಳಿ. ತೂಕ ಗ್ರಾಂನಲ್ಲಿ ಬರೆಯದ ಜಾಹೀರಾತು ಬೇಡ, 'ಲೈಟ್ ವೇಟ್' ಎಂಬುದು ತೂಕವಲ್ಲ. ಮುಖಕ್ಕೆ ಮೊದಲೇ ಅಪಾರದರ್ಶಕ ಹೊದಿಕೆ ಅಂಟಿಸಿದ್ದರೆ ಗೆರೆ, ಗಂಟು ಯಾವುದೂ ಕಾಣುವುದಿಲ್ಲ, ಅದನ್ನು ಮಾಡುವುದೂ ಬಹುಪಾಲು ಅದಕ್ಕೇ. ಏಪ್ರಿಲ್‌ನ ಬೇಸಿಗೆ ಶಿಬಿರಕ್ಕೆ ಬ್ಯಾಟ್ ಬೇಕೆಂದರೆ ಫೆಬ್ರುವರಿ ಕೊನೆಯೊಳಗೆ ಕೊಳ್ಳಿ. ಎಣ್ಣೆಗೆ ಒಂದು ವಾರ, ಮ್ಯಾಲೆಟ್‌ಗೆ ನಾಲ್ಕು ವಾರ ಹಿಡಿದರೂ ಮಾರ್ಚ್ ಪರೀಕ್ಷೆಗಳ ನಡುವೆ ದಿನಾ ಹದಿನೈದು ನಿಮಿಷ ಸಿಗುತ್ತದೆ.

ಇಂಗ್ಲಿಷ್ ವಿಲ್ಲೋ ಯಾವಾಗ? ಎತ್ತರ ಬೆಳೆಯುವುದು ನಿಂತ ಮೇಲೆ, ಅಥವಾ ಜಿಲ್ಲೆ, ವಲಯ ಮಟ್ಟದ ತಂಡಕ್ಕೆ ಆಯ್ಕೆಯಾಗಿ ವೇಗದ ಬೌಲಿಂಗ್ ದಿನವೂ ಎದುರಿಸುವಾಗ. ಇಂಗ್ಲಿಷ್ ವಿಲ್ಲೋದಲ್ಲಿ ಚೆಂಡು ಹೆಚ್ಚು ಚಿಮ್ಮುತ್ತದೆ, ಬ್ಯಾಟ್ ಹಗುರ, ಇದರಲ್ಲಿ ಎರಡು ಮಾತಿಲ್ಲ. ಆದರೆ ಈಚಿನ ವರ್ಷಗಳಲ್ಲಿ ಅದರ ಬೆಲೆ ಏರಿರುವ ಪರಿ ನೋಡಿದರೆ, ಎರಡು ವರ್ಷಕ್ಕೆ ಚಿಕ್ಕದಾಗುವ ಸೈಜ್ 5ಕ್ಕೆ ಅಷ್ಟು ಸುರಿಯುವುದು ಅಗತ್ಯವಿಲ್ಲ. ಸೈಜ್ ಚಿಕ್ಕದಾದಾಗ ಹದವಾದ ಕಾಶ್ಮೀರ್ ವಿಲ್ಲೋ ಕ್ಯಾಂಪಿನಲ್ಲೇ ಕೈ ಬದಲಾಗುತ್ತದೆ. ಟೋ ಸೀಳಿರದಿದ್ದರೆ, ಹಿಡಿಕೆ ಅಲ್ಲಾಡದಿದ್ದರೆ ಒಳ್ಳೆಯ ಬೆಲೆಯೇ ಬರುತ್ತದೆ. ಹಿಡಿಕೆ ಸಡಿಲವಾಗಿದ್ದರೆ ಹೊಸದು ಹಾಕಿಸಲು ಹೋಗಬೇಡಿ, ಈ ಬೆಲೆಯ ಬ್ಯಾಟಿಗೆ ಆ ಖರ್ಚು ಗಿಟ್ಟುವುದಿಲ್ಲ. ಅದನ್ನು ತೂಗು ಚೆಂಡಿನ ಅಭ್ಯಾಸಕ್ಕೆ ಇಟ್ಟುಕೊಂಡು, ಮುಂದಿನ ಬ್ಯಾಟಿಗೆ ಅದೇ ಮ್ಯಾಲೆಟ್ ತೆಗೆಯಲಿ.